ದಾರಿ ಗೊತ್ತಿದ್ದವರು ತೋಡಿದ ಬಿಲ

ಕಾಡ್ಗಿಚ್ಚು ಬಂದಾಗ ಸಣ್ಣಪುಟ್ಟ ಪ್ರಾಣಿಗಳೆಲ್ಲ ಅಡಗಲೆಂದು ಹೆಗ್ಗಣಗಳ ಸಂಘ ದೊಡ್ಡದೊಂದು ಬಿಲ ತೋಡಿತು. ಅದನ್ನು ಇನ್ನಷ್ಟು ಸುಗಮಗೊಳಿಸುವ ವಿದ್ಯೆ ಕಲಿಸಲು ಮುದಿ ಮುಳ್ಳುಹಂದಿಯನ್ನು ಕರೆಸಿತು.

“ಬಿಲದ ಪರಿಚಯವಿಲ್ಲದವರೊಬ್ಬರನ್ನು ಒಳಗೆ ಬಿಡಿ. ಎಲ್ಲಿ ತಡವರಿಸುತ್ತಾರೋ ನೋಡಿ. ಯಾರೂ ತುಟಿ ಬಿಚ್ಚಕೂಡದು,” ಎಂದಿತು ಮುಳ್ಳುಹಂದಿ.

ಮೊಲವೊಂದು ಒಳಹೊಕ್ಕು, ಮೊದಲ ಕವಲಿನಲ್ಲೇ ಕಂಗಾಲಾಗಿ ನಿಂತಿತು. ಹಿರಿಯ ಹೆಗ್ಗಣಕ್ಕೆ ತಡೆಯಲಾಗಲಿಲ್ಲ. “ಎಡಕ್ಕಮ್ಮಾ, ಎಡಕ್ಕೆ!” ಎಂದು ಕೂಗಿಬಿಟ್ಟಿತು. ಮೊಲ ಹೊಗೆ ತಾಗದ ತಳ ಮುಟ್ಟಿತು. ಹೆಗ್ಗಣಗಳು ಕುಣಿದಾಡಿದವು.

ಮುಳ್ಳುಹಂದಿಯ ಮೈಮುಳ್ಳೆಲ್ಲ ನಿಮಿರಿದವು. “ಮೊಲವನ್ನು ಮುಟ್ಟಿಸಿದ್ದು ನಿಮ್ಮ ಬಾಯಿ, ಬಿಲವಲ್ಲ. ಬಲಗಡೆಯ ದಾರಿ ಮುಚ್ಚಿ.”

“ಅದು ನಮ್ಮ ಕಾಳಿನ ಕೋಣೆಯ ದಾರಿ, ಗುರುಗಳೇ. ನಮ್ಮ ಮರಿಗಳಿಗೂ ಗೊತ್ತು,” ಎಂದು ನಕ್ಕು, ಹಿರಿಯ ಹೆಗ್ಗಣ ಹಾರ ಹಾಕಿ ಕಳಿಸಿಕೊಟ್ಟಿತು.

ಬೇಸಿಗೆಯಲ್ಲಿ ಕಾಡಿಗೆ ಕಿಚ್ಚು ಬಿತ್ತು. ಹೆಗ್ಗಣಗಳು ಎಲ್ಲರಿಗಿಂತ ಮೊದಲೇ ತಳ ಸೇರಿಕೊಂಡವು. ಬೂದಿ ಆರಿದ ಮೇಲೆ ಮುಳ್ಳುಹಂದಿ ಬಿಲಕ್ಕೆ ಇಳಿದು ನೋಡಿತು. ಕಾಳಿನ ಕೋಣೆಯಲ್ಲಿ ಮೊಲಗಳು ಹೊಗೆಗೆ ಉಸಿರುಗಟ್ಟಿ ಒಂದರ ಮೇಲೊಂದು ಬಿದ್ದಿದ್ದವು.

ಹಿರಿಯ ಹೆಗ್ಗಣ ಮೀಸೆಯ ಬೂದಿ ಒರೆಸಿಕೊಂಡು ಕೈಮುಗಿಯಿತು.

“ತಾವು ಇನ್ನೊಂದು ತರಬೇತಿ ನಡೆಸಿಕೊಡಬೇಕು, ಗುರುಗಳೇ. ಈ ಸಲ ಮೊಲಗಳಿಗೆ.”