ದುರ್ಯೋಧನ ಏನು ಹೇಳಿ ಸಾಯಬೇಕು?

ಮಠಕ್ಕೆ ಹೊಸದಾಗಿ ಸೇರಿದ ಗುರುಪಾದನೆಂಬ ಶಿಷ್ಯ ಕೇಳಿದ: “ಗುರುಗಳೇ, ಅಂಗಳ ಗುಡಿಸುವುದು, ಪಂಕ್ತಿಗೆ ಬಡಿಸುವುದು ನನ್ನ ಸ್ವಭಾವಕ್ಕೆ ಒಗ್ಗುತ್ತಿಲ್ಲ. ನನಗೆ ಒಗ್ಗುವ ಸಾಧನಾಕ್ರಮವನ್ನು ನಾನೇ ಮಾಡಿಕೊಂಡರೆ ತಪ್ಪೇ?”

“ತಪ್ಪೇನು ಬಂತು! ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನಾಟಕಕಾರನಿದ್ದ. ತನ್ನ ಮೊದಲ ನಾಟಕವನ್ನು ಕಂಪ್ಯೂಟರಿನಲ್ಲಿ ಬರೆಯಲು ಕುಳಿತ. ಕೀಬೋರ್ಡು ನೋಡಿದರೆ ಬೇಕಾದ ಅಕ್ಷರಗಳೆಲ್ಲ ಮೂಲೆಯಲ್ಲಿ, ಬೇಡದವು ನಡುಮನೆಯಲ್ಲಿ. ಕಿರುಬೆರಳು ದುಡಿದು ಸಾಯುತ್ತಿದೆ, ಹೆಬ್ಬೆರಳು ಕೂತು ಉಣ್ಣುತ್ತಿದೆ. ಈ ಅನ್ಯಾಯವನ್ನು ಅವನಿಂದ ಸಹಿಸಲಾಗಲಿಲ್ಲ. ಗುಂಡಿಗಳನ್ನೆಲ್ಲ ಕಿತ್ತು, ತನ್ನ ಬೆರಳಿಗೆ ಒಗ್ಗುವಂತೆ ಜಾಗ ಬದಲಿಸಿ ಕೂರಿಸಿದ. ಕಂಪ್ಯೂಟರಿಗೂ ಆ ಹೊಸ ಜೋಡಣೆಯನ್ನು ಕಲಿಸಿದ. ಅದರಲ್ಲೇ ಹೊಸ ಪಾಸ್‌ವರ್ಡ್ ಕೂಡ ಇಟ್ಟ. ಪಕ್ಕದ ಅಂಗಡಿಯ ವರ್ತಕ ಹಳೆಯ ಕೀಬೋರ್ಡನ್ನು ಒಂದೇ ಬೆರಳಿನಿಂದ ಕುಟ್ಟುವುದನ್ನು ಕಂಡು, “ಅಯ್ಯೋ ಪಾಪ, ಬೆರಳಿಗೆ ಎಷ್ಟು ಆಯಾಸ!” ಎಂದು ಮರುಗಿದ.

ಹೊಸ ಜೋಡಣೆ ಕೈಗೆ ಹತ್ತಿತು. ಕಂಪ್ಯೂಟರನ್ನು ಒಮ್ಮೆಯೂ ಆರಿಸದೆ ಬರೆದ, ನಾಟಕ ಸರಸರನೆ ಸಾಗಿತು. ಬರೆದಷ್ಟನ್ನು ನಟರು ಒಯ್ದು ಬಾಯಿಪಾಠ ಮಾಡಿದರು. ಪ್ರಯೋಗದ ದಿನ, ದುರ್ಯೋಧನ ಸಾಯುವ ಕೊನೆಯ ಅಂಕವನ್ನೂ ಬರೆದು ಮುಗಿಸಿದ. ಇನ್ನು ಮುದ್ರಿಸಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದಾಗ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಒತ್ತಿದ. ತಪ್ಪು ಎಂದಿತು. ಮತ್ತೆ ಒತ್ತಿದ. ಮತ್ತೆ ತಪ್ಪು. ಆ ಯಂತ್ರ ಬಾಗಿಲು ತೆರೆಯುವವರೆಗೆ ಎಲ್ಲರ ಜೋಡಣೆಯನ್ನು ಮಾತ್ರ ಬಲ್ಲದು. ಒಳಗೆ ಹೋದ ಮೇಲಷ್ಟೇ ಅವನ ಜೋಡಣೆಯನ್ನು ಒಪ್ಪುತ್ತದೆ. ಹಳೆಯ ಜಾಗಗಳು ಅವನ ಬೆರಳಿಗೆ ಮರೆತುಹೋಗಿದ್ದವು. ಗುಂಡಿ ನೋಡಿ ಒತ್ತೋಣವೆಂದರೆ ಅವನ್ನೂ ತಾನೇ ಅದಲುಬದಲು ಮಾಡಿದ್ದ. ಬರೆದದ್ದೆಲ್ಲ ಒಳಗೆ ಭದ್ರವಾಗಿತ್ತು, ಬರೆದವನು ಹೊರಗಿದ್ದ.

ದುರ್ಯೋಧನನ ವೇಷದವನು ಕಿರೀಟ ಹಿಡಿದುಕೊಂಡು ಓಡಿಬಂದ. “ಸ್ವಾಮಿ, ಜನ ಸೇರಿಬಿಟ್ಟಿದ್ದಾರೆ. ನಾನು ಏನು ಹೇಳಿ ಸಾಯಲಿ?”

ನಾಟಕಕಾರನಿಗೆ ಅಳುವೇ ಬಂತು. ಊರೆದುರು ಮಾನ ಹೋಗುವುದರಲ್ಲಿತ್ತು. ಬೇರೆ ದಾರಿ ಕಾಣದೆ ವರ್ತಕನಲ್ಲಿಗೆ ಓಡಿ ಅವನ ಕೀಬೋರ್ಡು ಬೇಡಿದ.

“ಧಾರಾಳವಾಗಿ ಒಯ್ಯಿರಿ,” ಎಂದ ವರ್ತಕ. “ಬೆರಳು ಮಾತ್ರ ಜೋಪಾನ.”

ಅದನ್ನು ತಂದು ಸಿಕ್ಕಿಸಿ, ಒಂದೊಂದೇ ಅಕ್ಷರ ಹುಡುಕಿ, ಒಂದೇ ಬೆರಳಿನಿಂದ ಪಾಸ್‌ವರ್ಡ್ ಕುಟ್ಟಿದ. ಬಾಗಿಲು ತೆರೆಯಿತು. ಅಂದು ದುರ್ಯೋಧನ ನೆಮ್ಮದಿಯಿಂದ ಸತ್ತ.

ಗುರುಗಳು ಮಾತು ನಿಲ್ಲಿಸಿದರು. ಗುರುಪಾದ ಅಳುಕುತ್ತ ಕೇಳಿದ: “ಆಮೇಲೆ ಅವನು ತನ್ನ ಜೋಡಣೆಯನ್ನು ಬಿಟ್ಟುಬಿಟ್ಟನೇ?”

“ಯಾಕೆ ಬಿಡುತ್ತಾನೆ? ಒಳಗೆ ಹೋದ ಮೇಲೆ ಅದರಲ್ಲೇ ಬರೆದ. ಚೆನ್ನಾಗಿಯೇ ಬರೆದ.”

ಶಿಷ್ಯನ ಮುಖ ಅರಳಿತು. “ಹಾಗಾದರೆ ಗುರುಗಳೇ, ನಾನೂ…”

“ಪೊರಕೆ ಬಾಗಿಲ ಹಿಂದೆ ಇದೆ,” ಎಂದರು ಗುರುಗಳು.