ವೈಪರ್ ಮತ್ತು ಗೀರುಬಿದ್ದ ಗಾಜು

ತೋಟಪ್ಪನ ಹಳೆಯ ಪಿಕಪ್ ಗಾಡಿಯ ವೈಪರಿಗೆ ಮುಂದಿನ ಗಾಜಿನ ಮೇಲೆ ಸದಾ ಅಸಮಾಧಾನ. "ಎಷ್ಟು ಒರೆಸಿದರೂ ನಿನ್ನ ಮೈಮೇಲಿನ ಗೀರು ಹೋಗುವುದಿಲ್ಲವಲ್ಲ! ನಿನ್ನಿಂದ ನನಗೆ ಕೆಟ್ಟ ಹೆಸರು" ಎಂದು ಹನ್ನೆರಡು ಮಳೆಗಾಲ ಗೊಣಗಿತು. ಗಾಜು ಒಮ್ಮೆಯೂ ಎದುರಾಡಲಿಲ್ಲ.

ಒಂದು ದಿನ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಗಾಜು ಬಿರುಕುಬಿಟ್ಟಿತು. ತೋಟಪ್ಪ ಗಾಡಿಯನ್ನು ದಸ್ತಗೀರ್ ಸಾಬರ ಅಂಗಡಿಗೆ ತಂದ. ಸಾಬರು ಹಳೆಯ ಗಾಜನ್ನು ಬಿಚ್ಚಿ ಬಿಸಿಲಿಗೆ ಹಿಡಿದರು.

"ನೋಡು ತೋಟಪ್ಪ, ಈ ಗೀರೆಲ್ಲ ವೈಪರ್ ಎಳೆದದ್ದು. ಅದರ ರಬ್ಬರ್ ಸವೆದುಹೋಗಿದೆ. ಅದನ್ನೂ ಬದಲಿಸದಿದ್ದರೆ ಹೊಸ ಗಾಜಿಗೂ ಇದೇ ಗತಿ."

"ಬದಲಿಸಿಬಿಡಿ ಸಾಬರೇ" ಎಂದ ತೋಟಪ್ಪ.

ವೈಪರ್ ನಾಚಿ ಕುಗ್ಗಿಹೋಯಿತು. ಗೋಡೆಗೆ ಒರಗಿಸಿದ್ದ ಗಾಜನ್ನು ಕೇಳಿತು: "ಅಕ್ಕಾ, ಗೀರಿದವನು ನಾನೇ ಎಂದು ನಿನಗೆ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ?"

"ಮಳೆಯಲ್ಲಿ ನೀನು ಒರೆಸಿದ್ದರಿಂದಲೇ ತೋಟಪ್ಪನಿಗೆ ದಾರಿ ಕಂಡಿತು, ತಮ್ಮಾ. ಪ್ರತಿಸಲವೂ ಸುಖವಾಗಿ ಮನೆ ಸೇರಿದ. ಆ ಉಪಕಾರದ ಮುಂದೆ ನಾಲ್ಕು ಗೀರು ಯಾವ ದೊಡ್ಡ ಮಾತು?"

"ನಿನ್ನ ಉಪಕಾರವನ್ನು ನಾನು ಇಂದು ಕಂಡೆ, ಅಕ್ಕಾ" ಎಂದು ವೈಪರ್ ತಲೆಬಾಗಿತು.

ಹೊಸ ಗಾಜು ಕೂತಿತು, ವೈಪರಿಗೆ ಹೊಸ ರಬ್ಬರ್ ಬಂತು. ಹೋಗುವ ದಾರಿಯಲ್ಲಿ ಧೂಳು ಮುಸುಕಿತು.

"ಬೇಗ ಒರೆಸು!" ಎಂದಿತು ಹೊಸ ಗಾಜು.

"ತಡಿ ತಂಗಿ, ಒಣಧೂಳಿನ ಮೇಲೆ ಎಳೆದರೆ ನಿನಗೆ ನೋವಾದೀತು" ಎಂದಿತು ವೈಪರ್. ತೋಟಪ್ಪ ಇಳಿದು ಒಂದು ಚೊಂಬು ನೀರು ಸುರಿದ ಮೇಲೆಯೇ ಅದು ಮೆಲ್ಲಗೆ ಕೈಯಾಡಿಸಿತು.