ದರ್ಜಿ ಬಿಟ್ಟ ರಾಕೆಟ್ಟು

ಡಿಸೆಂಬರ್ ಹನ್ನೊಂದು, ಗುರುವಾರ. ಬೆಳಿಗ್ಗೆ ಮಂಜಿತ್ತು, ಹತ್ತು ಗಂಟೆಗೆ ತೆಳು ಬಿಸಿಲು ಬಂತು.

"ಬುದ್ಧೀ, ನಾನು ಇಷ್ಟೆಲ್ಲ ಬಿಟ್ಟೆ. ಆದರೂ ಮನಸ್ಸು ಹಗುರಾಗಲಿಲ್ಲ. ಯಾಕೆ?" ಎಂದು ಶಾಂತಮಲ್ಲಯ್ಯನವರು ಕೇಳಿದರು.

ಮಠದ ಜಗುಲಿಯಲ್ಲಿ ಗುರುಗಳೂ ಅವರೂ ಎದುರುಬದುರು ಕೂತು ದಾಸೋಹದ ಅಕ್ಕಿ ಆರಿಸುತ್ತಿದ್ದರು. ಇಬ್ಬರಿಗೂ ಒಂದೊಂದು ಮೊರ. ಈ ಪ್ರಶ್ನೆಯನ್ನು ಕೇಳಲೆಂದೇ ಶಾಂತಮಲ್ಲಯ್ಯನವರು ಮೂರು ತಿಂಗಳಿಂದ ಮಠದಲ್ಲಿದ್ದರು.

"ಏನೇನು ಬಿಟ್ಟಿರಿ?" ಎಂದರು ಗುರುಗಳು.

"ಮೂವತ್ತೆರಡು ವರ್ಷದ ನೌಕರಿ ಬಿಟ್ಟೆ. ಎಲೆ ಅಡಿಕೆ ಬಿಟ್ಟೆ. ತಮ್ಮನ ಮನೆ ಹೊಸ್ತಿಲು ತುಳಿಯುವುದನ್ನು ಬಿಟ್ಟೆ."

"ನೌಕರಿ ಬಿಟ್ಟದ್ದು ಯಾವಾಗ?"

"ನಿವೃತ್ತಿಯಾದಾಗ."

"ಎಲೆ ಅಡಿಕೆ?"

"ಹಲ್ಲು ಕೀಳಿಸಿದ ಮೇಲೆ."

ಮೂರನೆಯದನ್ನು ಗುರುಗಳು ಕೇಳಲಿಲ್ಲ. ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆಗೆ ಹಾಕಿದರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಇಬ್ಬರಿಗೂ ಮದುವೆ ಆಗಲಿಲ್ಲ. ಅವನು ಬಟ್ಟೆ ಕತ್ತರಿಸಿ ಹೊಲಿಯುವನು. ಅವಳು ಕಾಜ ಹೊಲಿದು ಗುಂಡಿ ಹಚ್ಚುವಳು. ಹೀಗೆ ಮೂವತ್ತು ವರ್ಷ ನಡೆಯಿತು. ಒಂದು ದಿನ ಅವಳು ಬಿಳಿ ಅಂಗಿಗೆ ಕಪ್ಪು ದಾರದಲ್ಲಿ ಕಾಜ ಹೊಲಿದಳು. ಗಿರಾಕಿ ನಕ್ಕ. ದರ್ಜಿ ನಗಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನರ ಒಣಗುತ್ತಿದೆ, ಇದಕ್ಕೆ ಆಪರೇಷನ್ ಇಲ್ಲ, ಇನ್ನೊಂದು ವರ್ಷ ಕಂಡರೆ ಕಂಡೀತು ಎಂದರು.

ಆಮೇಲೆ ಅವಳು ಸೂಜಿ ಮುಟ್ಟಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳು ಅವಳಿಗೆ ಉದ್ದವಾದವು. ಅಂಗಡಿಯಲ್ಲಿ ಕಸೂತಿಯ ಚಿತ್ರಗಳಿಗೆಂದು ತಂದ ಕಂಪ್ಯೂಟರ್ ಇತ್ತು. ದರ್ಜಿ ಅದರಲ್ಲಿ ಒಂದು ಆಟ ಹಾಕಿಸಿಕೊಂಡ. ಆ ಆಟದಲ್ಲಿ ಒಂದು ಭೂಮಿ, ಒಂದು ಚಂದ್ರ. ಟ್ಯಾಂಕು, ಇಂಜಿನ್ನು, ರೆಕ್ಕೆ, ಏಣಿ, ಕುರ್ಚಿ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಜೋಡಿಸಿ ರಾಕೆಟ್ಟು ಮಾಡಬೇಕು, ಬಿಡಬೇಕು. ಕೀಬೋರ್ಡಿನ ಉದ್ದನೆಯ ಗುಂಡಿ ಒತ್ತಿದರೆ ರಾಕೆಟ್ಟು ನೆಲವನ್ನು ಬಿಡುತ್ತದೆ. ಮತ್ತೆ ಒತ್ತಿದರೆ ಖಾಲಿಯಾದ ಟ್ಯಾಂಕನ್ನು ಬಿಡುತ್ತದೆ. ಆಟವೇನೋ ಆಟ, ಆದರೆ ಭಾರಕ್ಕೂ ಎಣ್ಣೆಗೂ ಅಲ್ಲಿ ಮೋಸವಿಲ್ಲ.

"ಇದೆಲ್ಲ ತಮಗೆ ಹೇಗೆ ಗೊತ್ತು ಬುದ್ಧೀ?" ಎಂದು ಶಾಂತಮಲ್ಲಯ್ಯನವರು ತಡೆದರು.

"ಮಠದ ಕಾವಿ ಹೊಲಿಯುವವನು ಅವನೇ. ಅಳತೆ ತೆಗೆಯುವಾಗ ಬಾಯಿ ಮುಚ್ಚಿಕೊಂಡಿರುವವನಲ್ಲ" ಎಂದರು ಗುರುಗಳು.

ದರ್ಜಿ ಮೊದಲನೆಯ ರಾಕೆಟ್ಟಿಗೆ ಇಂಜಿನ್ನನ್ನು ತಲೆಕೆಳಗಾಗಿ ಹಚ್ಚಿದ. ಅದು ನೆಲ ಕೊರೆಯಲು ನೋಡಿತು. ಎರಡನೆಯದು ಹಗ್ಗ ಕಿತ್ತ ಮೇಕೆಯ ಹಾಗೆ ಅಡ್ಡಡ್ಡ ಓಡಿತು. ಒಳಗಿರೋನು ಇಳಿಯೋದು ಹೇಗೋ ಎಂದು ಅಕ್ಕ ಕೇಳಿದ್ದಕ್ಕೆ ಮೂರನೆಯದಕ್ಕೆ ಹನ್ನೆರಡು ಏಣಿ ಕಟ್ಟಿದ. ಅದು ಏಳಲೇ ಇಲ್ಲ. ಒಂದನ್ನು ಹೊಲಿಗೆ ಯಂತ್ರದ ಆಕಾರದಲ್ಲೇ ಮಾಡಿದ. ಅದು ಎರಡಾಳೆತ್ತರ ಎದ್ದು, ಕೊಂಚ ಯೋಚನೆ ಮಾಡಿ, ಮತ್ತೆ ಕೂತುಕೊಂಡಿತು. ಅಕ್ಕ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೆಂಕಿ ಕಾಣುತ್ತೆ ಕಣೋ. ಚೆನ್ನಾಗಿ ಕಾಣುತ್ತೆ. ಇನ್ನೊಂದು ಬಿಡು" ಎಂದಳು.

ರಾಕೆಟ್ಟಿನೊಳಗೆ ಒಬ್ಬ ಪುಟ್ಟ ಯಾತ್ರಿಕ ಇರುತ್ತಿದ್ದ. ಅಂಗಿಯ ಗುಂಡಿಯಂತೆ ದುಂಡಗಿದ್ದಾನೆಂದು ಅಕ್ಕ ಅವನಿಗೆ ಗುಂಡಣ್ಣ ಎಂದು ಹೆಸರಿಟ್ಟಳು. ಬಿದ್ದರೂ ಉರುಳಿದರೂ ಗುಂಡಣ್ಣ ಹೇಗೋ ಉಳಿಯುತ್ತಿದ್ದ.

ಒಂದು ಮಧ್ಯಾಹ್ನ ಎಲ್ಲಿಗೋ ಬಿಟ್ಟ ರಾಕೆಟ್ಟು ಚಂದ್ರನಿಗೆ ಹೋಯಿತು. ದರ್ಜಿಗೂ ಆಶ್ಚರ್ಯವಾಯಿತು. ಅದು ಬೂದಿ ಬಣ್ಣದ ನೆಲದ ಮೇಲೆ ನಿಧಾನವಾಗಿ, ನೀರಿನಲ್ಲಿ ಎಲೆ ಇಳಿದಂತೆ ಇಳಿದು, ಪಕ್ಕಕ್ಕೆ ಒರಗಿತು. ಗುಂಡಣ್ಣ ಹೊರಗೆ ಬಂದು ನಿಂತ. ಎಣ್ಣೆ ಮುಗಿದಿತ್ತು.

ಪಕ್ಕದ ಸೈಕಲ್ ಅಂಗಡಿಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅಲ್ಲಣ್ಣ, ಬಟ್ಟೆ ಕೇಳೋಕೆ ಬಂದೋರಿಗೆ ನಾಳೆ ನಾಳೆ ಅಂತ ಬಿಡ್ತಿದ್ದೆ. ಈಗ ರಾಕೆಟ್ಟೂ ಬಿಡೋಕೆ ಕಲಿತೆ. ಅಲ್ಲಿ 'ಹಿಂದಕ್ಕೆ' ಅಂತ ಒಂದಿದೆ ನೋಡು, ಒತ್ತು. ಹೋಗೇ ಇಲ್ಲ ಅನ್ನೋ ಹಾಗೆ ನಿನ್ನ ಗುಂಡಣ್ಣ ಇಲ್ಲೇ ನಿಂತಿರ್ತಾನೆ."

"ಹೋಗಿದ್ದಾನಲ್ಲಯ್ಯ."

"ಹೋಗಿಲ್ಲ ಅಂತ ಆಗುತ್ತೆ ಅಂದೆ."

"ಕತ್ತರಿ ಹಾಕಿದ ಬಟ್ಟೆ ಹಾಕಿಲ್ಲ ಅಂತ ಆಗುತ್ತೇನಯ್ಯ?" ಎಂದ ದರ್ಜಿ.

ಅಕ್ಕ ಅಂದಳು: "ಅವನೊಬ್ಬನೇ ಅಲ್ಲಿ ನಿಂತಿದ್ದಾನಲ್ಲೋ. ಕರಕೊಂಡು ಬಾ. ಬಂದದ್ದನ್ನ ನಾನು ನೋಡ್ಬೇಕು."

"ಕರಕೊಂಡು ಬರ್ತೀನಿ, ನಿನಗೆ ತೋರಿಸ್ತೀನಿ" ಎಂದು ದರ್ಜಿ ಮಾತು ಕೊಟ್ಟ. ಡಾಕ್ಟರು ಹೇಳಿದ ವರ್ಷದಲ್ಲಿ ಆಗಲೇ ಮೂರು ತಿಂಗಳು ಕಳೆದಿತ್ತು.

ಕುರ್ಚಿ ಖಾಲಿಯಿಟ್ಟು, ಇಲ್ಲಿಂದಲೇ ನಡೆಸುವ ರಾಕೆಟ್ಟುಗಳನ್ನು ಅವನು ಕಟ್ಟತೊಡಗಿದ. ಚಂದ್ರನಿಗೆ ಹೋಗಿ ಬರಬೇಕೆಂದರೆ ಟ್ಯಾಂಕಿನ ಮೇಲೆ ಟ್ಯಾಂಕು ಇಡಬೇಕು. ಉದ್ದವಾದ ರಾಕೆಟ್ಟು ಏಳುವಾಗ ನಡುವಿನಲ್ಲಿ ಬಳುಕಿತು, ಮುರಿಯಿತು. ದರ್ಜಿಯ ಕೈ ಸುಮ್ಮನಿದ್ದೀತೇ? ಜೋಡಣೆ ಬಿಟ್ಟುಕೊಂಡ ಕಡೆಯೆಲ್ಲ ಅಡ್ಡ ತಂತಿ ಹಾಕಿ ಬಿಗಿದ. ಅಂಗಿಯ ಕಂಕುಳಿಗೆ ಹಾಕುವ ಹಾಗೆ ಜೋಡು ಹೊಲಿಗೆ ಹಾಕಿದ. ರಾಕೆಟ್ಟು ಕಂಬದಂತೆ ನೆಟ್ಟಗೆ ಎದ್ದಿತು. ಮೊದಲ ಟ್ಯಾಂಕು ಖಾಲಿಯಾಯಿತು. ಗುಂಡಿ ಒತ್ತಿದ. ಟ್ಯಾಂಕು ಬಿಡಲಿಲ್ಲ. ಸತ್ತ ಭಾರವನ್ನು ಹೊತ್ತುಕೊಂಡು ರಾಕೆಟ್ಟು ಸ್ವಲ್ಪ ದೂರ ಏರಿ, ಬಾಗಿ, ಸಮುದ್ರಕ್ಕೆ ಬಿತ್ತು. ಹೊಲಿಗೆ ಸಾಲದೆಂದು ದರ್ಜಿ ಇನ್ನಷ್ಟು ಹಾಕಿದ. ಒಂಬತ್ತು ರಾಕೆಟ್ಟು ಹೀಗೆಯೇ ಸಮುದ್ರ ಸೇರಿದವು.

ಒಂದು ದಿನ ಅಕ್ಕ ಕೇಳಿದಳು: "ಎಲ್ಲೆಲ್ಲಿ ಹಾಕಿದ್ದೀಯೋ ಹೊಲಿಗೆ?"

"ಎಲ್ಲ ಕಡೆ."

"ಕಚ್ಚಾ ಹೊಲಿಗೆ ಯಾವುದು, ಪಕ್ಕಾ ಯಾವುದು?"

ದರ್ಜಿ ಪರದೆಯ ಹತ್ತಿರಕ್ಕೆ ಬಾಗಿದ. ಕೋಟನ್ನು ಮೈಗೆ ಹಾಕಿ ನೋಡುವ ತನಕ ಮಾತ್ರ ಇರುವುದು ಕಚ್ಚಾ ಹೊಲಿಗೆ. ಕೊನೆಗೆ ಕಿತ್ತುಹಾಕಲೆಂದೇ ಅದನ್ನು ಹಾಕುವುದು. ಹದಿನಾಲ್ಕನೆಯ ವಯಸ್ಸಿಗೆ ಅಕ್ಕನೇ ಅದನ್ನು ಅವನಿಗೆ ಕಲಿಸಿದ್ದಳು. ಬಿಡಬೇಕಾದ ಕಡೆಯ ತಂತಿಗಳನ್ನೆಲ್ಲ ಅವನು ಬಿಚ್ಚಿದ. ಮುಂದಿನ ರಾಕೆಟ್ಟು ಖಾಲಿಯಾದದ್ದನ್ನು ಒಂದೊಂದಾಗಿ ಬಿಡುತ್ತಾ ಹೋಯಿತು. ಬಿಟ್ಟಷ್ಟೂ ಏರಿತು.

"ಅರ್ಥವಾಯಿತು ಬುದ್ಧೀ" ಎಂದರು ಶಾಂತಮಲ್ಲಯ್ಯನವರು.

"ರಾಕೆಟ್ಟು ಇನ್ನೂ ಚಂದ್ರನನ್ನೇ ಮುಟ್ಟಿಲ್ಲ. ಅಕ್ಕಿ ಆರಿಸಿ" ಎಂದರು ಗುರುಗಳು.

ಅಷ್ಟು ಹೊತ್ತಿಗೆ ಅಕ್ಕನಿಗೆ ಬೆಂಕಿಯೂ ಮಸುಕಾಗಿತ್ತು. ಅದಕ್ಕೆ ದರ್ಜಿ ರಾಕೆಟ್ಟಿನ ನೆತ್ತಿಗೆ ಒಂದು ದೀಪ ಹಚ್ಚಿದ್ದ. ಕಾಣಲಿಲ್ಲವೆಂದಾಗ ನಾಲ್ಕು ದೀಪ ಸೇರಿಸಿ ಒಂದು ಗೊಂಚಲು ಮಾಡಿದ, ಅದಕ್ಕೆ ತಕ್ಕ ದೊಡ್ಡ ಬ್ಯಾಟರಿ ಇಟ್ಟ. ಅಕ್ಕನಿಗೆ ಎದುರಿಗಿರುವ ತಮ್ಮನ ಮುಖ ಕಾಣುತ್ತಿರಲಿಲ್ಲ. ಕಿಟಕಿ ಕಾಣುತ್ತಿರಲಿಲ್ಲ. ಕಪ್ಪು ಪರದೆಯ ಮೇಲಿನ ಆ ಬಿಳಿ ಚುಕ್ಕೆ ಮಾತ್ರ ಕಾಣುತ್ತಿತ್ತು. ದಿನವೂ ಊಟ ಮುಗಿಸಿ ಅದರ ಮುಂದೆ ಬಂದು ಕೂರುವಳು. ನಿನ್ನೆ ಕನಸಿನಲ್ಲಿ ಗುಂಡಣ್ಣ ಚಂದ್ರನಿಗೆ ಸುತ್ತ ಕಾಜ ಹೊಲಿಯುತ್ತಾ ಕೂತಿದ್ದ, ಹೊಲಿಗೆ ಬಹಳ ಅಚ್ಚುಕಟ್ಟು ಎಂದು ಒಂದು ದಿನ ಹೇಳಿದಳು.

ಎಂಟನೆಯ ತಿಂಗಳಲ್ಲಿ ರಾಕೆಟ್ಟು ಗುಂಡಣ್ಣನ ಪಕ್ಕದಲ್ಲೇ ಇಳಿಯಿತು. ಗುಂಡಣ್ಣ ಏಣಿ ಹತ್ತಿ ಕುರ್ಚಿಯಲ್ಲಿ ಕೂತ. ದರ್ಜಿ ಏಣಿಯನ್ನು ಬಿಟ್ಟ. ಇಳಿಯಲು ಇಟ್ಟಿದ್ದ ಕಾಲುಗಳನ್ನು ಬಿಟ್ಟ. ಖಾಲಿ ಟ್ಯಾಂಕನ್ನು ಬಿಟ್ಟ. ರಾಕೆಟ್ಟು ಎದ್ದು ಚಂದ್ರನನ್ನು ಸುತ್ತತೊಡಗಿತು. ಬಿಳಿ ಚುಕ್ಕೆ ಚಂದ್ರನ ಹಿಂದಕ್ಕೆ ಹೋಗುವುದು, ಇನ್ನೊಂದು ಕಡೆಯಿಂದ ಬರುವುದು.

"ಹೋದ" ಎನ್ನುವಳು ಅಕ್ಕ. ಸ್ವಲ್ಪ ಹೊತ್ತಿಗೆ, "ಬಂದ" ಎನ್ನುವಳು.

ದರ್ಜಿ ಎಣ್ಣೆಯ ಮುಳ್ಳು ನೋಡಿದ. ಮನೆ ಮುಟ್ಟಲು ಸ್ವಲ್ಪ ಸಾಲದು. ಬಿಡುವಂಥದ್ದು ಇನ್ನು ಒಂದೇ ಉಳಿದಿತ್ತು. ಅವನು ಕೈ ಕಟ್ಟಿ ಕೂತ.

"ಯಾಕೋ ಸುಮ್ಮನಾದೆ?"

"ಭಾರ ಅಕ್ಕ."

"ಏನು ಉಳಿದಿದೆ?"

"ದೀಪ" ಎಂದ ಅವನು.

"ದಾರಿಗೆ ಅವನಿಗೆ ದೀಪ ಬೇಕೇನೋ?"

"ಬೇಡ."

ಅಕ್ಕ ಪರದೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ದರ್ಜಿ ಬೇಗಬೇಗ ಹೇಳಿದ: "ಇನ್ನೊಂದು ರಾಕೆಟ್ಟಲ್ಲಿ ಎಣ್ಣೆ ಕಳಿಸ್ತೀನಿ ಅಕ್ಕ. ಒಂದೆರಡು ತಿಂಗಳು ಆಗ್ಬಹುದು. ಅಲ್ಲೀವರೆಗೆ ಅವನು ಸುತ್ತುತಾ ಇರ್ಲಿ, ನೀನು ದೀಪ ನೋಡ್ತಾ ಇರು. ಅವನಿಗೇನೂ ಹಸಿವಾಗಲ್ಲ."

"ನಾನು ನೋಡ್ಬೇಕು ಅಂತ ಅವನು ಸುತ್ತುತಾ ಇರ್ಬೇಕೇನೋ?"

ದರ್ಜಿ ಮತ್ತೆ ಎಣ್ಣೆಯ ಮುಳ್ಳು ನೋಡಿದ.

"ಆ ಉದ್ದನೆಯ ಗುಂಡಿ ಎಲ್ಲಿದೆ? ನನ್ನ ಕೈ ಅದರ ಮೇಲಿಡು" ಎಂದಳು ಅಕ್ಕ. ಅವನು ಇಟ್ಟ. ಗುಂಡಿ ಹಚ್ಚಿ ಹಚ್ಚಿ ಸವೆದ ಬೆರಳು. ಅವಳು ಒಮ್ಮೆ ಅದನ್ನು ಸವರಿ, "ಇದಕ್ಕೆ ಕಾಜ ಎಲ್ಲೋ?" ಎಂದು ನಕ್ಕಳು. ಚುಕ್ಕೆ ಚಂದ್ರನ ಹಿಂದಿನಿಂದ ಬರುವ ತನಕ ಕಾದಳು. ಬಂದ ಮೇಲೆ ಒತ್ತಿದಳು.

ದೀಪ ಉರಿಯುತ್ತಲೇ ಹಿಂದೆ ಉಳಿಯಿತು. ಮೆಲ್ಲಗೆ ತಿರುಗುತ್ತಾ, ಒಮ್ಮೆ ಇತ್ತ ಒಮ್ಮೆ ಅತ್ತ ಬೆಳಕು ಚೆಲ್ಲುತ್ತಾ, ಸಣ್ಣದಾಗುತ್ತಾ ಹೋಯಿತು. ಅಕ್ಕ ಅದನ್ನು ಕೊನೆಯ ತನಕ ನೋಡಿದಳು. ಆಮೇಲೆ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡಳು.

ಸಂಜೆಯ ಗಿರಾಕಿಗಳು ಬರುವ ಮುಂಚೆ ಗುಂಡಣ್ಣ ಛತ್ರಿ ಬಿಚ್ಚಿಕೊಂಡು ಸಮುದ್ರಕ್ಕೆ ಇಳಿದ.

"ಬಂದನೇನೋ?"

"ಬಂದ ಅಕ್ಕ."

"ಹೇಗಿದ್ದಾನೆ?"

"ನಗ್ತಿದ್ದಾನೆ."

ಗುರುಗಳು ಮೊರ ಕೊಡವಿ ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿದರು. ಕತೆ ಮುಗಿಯಿತೆಂದು ಶಾಂತಮಲ್ಲಯ್ಯನವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ದರ್ಜಿ ಆಮೇಲೆ ದೀಪ ಹಚ್ಚಿ ಇನ್ನೊಂದು ಬಿಟ್ಟಿರಬೇಕಲ್ಲ ಬುದ್ಧೀ, ಅವಳಿಗೆ ತೋರಿಸಲು?"

"ಬಿಟ್ಟ. ಮಾರನೆಯ ವಾರವೇ ಬಿಟ್ಟ. ಅಷ್ಟರಲ್ಲಿ ಅವಳಿಗೆ ಕಾಣುವುದು ನಿಂತಿತ್ತು."

ಶಾಂತಮಲ್ಲಯ್ಯನವರು ನಿಟ್ಟುಸಿರಿಟ್ಟರು. "ಏನೇ ಆಗಲಿ, ಆ ದರ್ಜಿ ದೊಡ್ಡವನು. ಒಂದೊಂದಾಗಿ ಎಷ್ಟೆಲ್ಲ ಬಿಟ್ಟ! ಬಿಡುವುದನ್ನು ಅವನಿಂದ ಕಲಿಯಬೇಕು."

"ಅವನು ಬಿಟ್ಟದ್ದೆಲ್ಲ ಖಾಲಿಯಾದದ್ದು, ಉರಿಯುತ್ತಿದ್ದದ್ದನ್ನು ಬಿಟ್ಟವಳು ಅಕ್ಕ" ಎಂದರು ಗುರುಗಳು.

ಶಾಂತಮಲ್ಲಯ್ಯನವರ ಕೈ ಮೊರದ ಮೇಲೆ ನಿಂತಿತು.